ಬಾಯಮ್ಮನ ಪ್ರಾರ್ಥನೆ ದೇವರಿಗೆ ಕೇಳಿಸಲಿಲ್ವಾ?

ನಮ್ಮ ಚಾವಡಿಯ ಕಿಟಕಿ ಪಕ್ಕದ ಮೊಳೆಯಲ್ಲಿ ಒಂದು ಜಪಸರ ನೇತಾಡುತ್ತಿದೆ. ಬಂದವರು ಮೊದಲು ಕೇಳುವುದು, ‘ಇದು ನಿಮ್ಮ ಮನೆಯಲ್ಲಿ ಹೇಗೆ?’ ಅಂತ. ಪಕ್ಕದ ಮನೆ ಬಾಯಮ್ಮನದ್ದು, ಅವರ ಮಗ ತಂದುಕೊಟ್ಟದ್ದು ಎನ್ನುತ್ತೇನೆ. ಆರು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು ಹೋದ ಮಳೆಗಾಲದಲ್ಲಿ ತೀರಿಹೋದರು ಎನ್ನುತ್ತೇನೆ. ಆಗ ಎರಡನೇ ಪ್ರಶ್ನೆ ಬರುತ್ತದೆ. ‘ಅಷ್ಟು ಪ್ರಾರ್ಥನೆ ಮಾಡ್ತಿದ್ರಲ್ಲ, ದೇವರು ಯಾಕೆ ಗುಣ ಮಾಡ್ಲಿಲ್ಲ?’ ಕೆಲವರು ಮರುಕದಿಂದ ಕೇಳುತ್ತಾರೆ. ಕೆಲವರು ಸುಮ್ನೆ ಚುಚ್ಚಲು.

ಕಾರ್ಕಳದ ಹತ್ತಿರದ ಊರು ನಮ್ಮದು. ಇಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ, ಗಂಡಸರನ್ನು ಪೊರ್ಬು. ಅಮ್ಮ ಮತ್ತು ಬಾಯಮ್ಮ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವಾದ ಮಾಡಿ ಕೊಟ್ಟ ಭತ್ತದ ತೆನೆಯಲ್ಲಿ ಒಂದು ನಮ್ಮ ಮನೆಗೂ ಬರುತ್ತಿತ್ತು. ಅಮ್ಮ ಅದನ್ನು ನಮ್ಮ ತೆನೆಯ ಜೊತೆಗೇ ಕಟ್ಟುತ್ತಿದ್ದರು.

ಶುಗರ್ ಕಿಡ್ನಿಯನ್ನು ತಿಂದುಹಾಕಿದ ಮೇಲೆ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಬಾಯಮ್ಮ ರಕ್ತ ಶುದ್ಧ ಮಾಡುವ ಯಂತ್ರದ ಪಕ್ಕ ಮಲಗಬೇಕಾಯಿತು. ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಜೇನುಹುಳ ಹೊಕ್ಕ ಹಾಗೆ ಗುಂಯ್ ಎನ್ನುತ್ತದೆ. ಮೊಮ್ಮಕ್ಕಳ ಕಿವಿಯನ್ನು ಅದಕ್ಕೆ ಹಿಡಿಸಿ ನಗುತ್ತಿದ್ದರು. ಆ ಕೈಯಲ್ಲಿ ಕೊಡಪಾನ ಎತ್ತುವಂತಿಲ್ಲ, ಬಿಗಿ ಬಳೆ ಹಾಕುವಂತಿಲ್ಲ, ಬಿಪಿ ನೋಡುವಂತಿಲ್ಲ. ಪ್ರತಿ ಸಲ 2 ದಪ್ಪ ಸೂಜಿ. ವರ್ಷಕ್ಕೆ 312 ಆಯಿತು ಅಂತ ನಾನು ಬಸ್ಸಿನಲ್ಲಿ ಲೆಕ್ಕ ಹಾಕಿ ಹೇಳಿದೆ. ‘ಎಣಿಸಲಿಕ್ಕೆ ಇದೇನು ಬೀಡಿಯಾ ಮಾರಾಯ್ತಿ?’ ಅಂತ ಬೈದರು.

ಸೂಜಿಗಿಂತ ಕಷ್ಟ ಬಾಯಾರಿಕೆ. ದಿನಕ್ಕೆ ಇಷ್ಟೇ ನೀರು ಅಂತ ಮಿತಿ. ಗಂಜಿಯ ತಿಳಿಯೂ ಆ ಲೆಕ್ಕಕ್ಕೆ ಸೇರುತ್ತದೆ. ಮನೆ ಸುತ್ತ ತೆಂಗಿನಮರ, ಆದರೆ ಬೊಂಡದ ಎಳನೀರು ಮುಟ್ಟುವಂತಿಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು.

ಶನಿವಾರ ನಾನು ಜೊತೆಗೆ ಹೋಗುತ್ತಿದ್ದೆ. ಹಾಗಾಗಿ ಅವರು ದೇವರ ಹತ್ತಿರ ಏನು ಕೇಳುತ್ತಿದ್ದರು ಅಂತ ನನಗೆ ಗೊತ್ತು. ಬಸ್ಸಿನಲ್ಲಿ ಸೀಟು ಸಿಗಲಿ. ಹಗುರ ಕೈಯ ಆ ನರ್ಸ್ ಹುಡುಗಿ ಇವತ್ತು ಡ್ಯೂಟಿಯಲ್ಲಿರಲಿ. ಕಾಲು ಸೆಳೆಯದಿರಲಿ. ಇಷ್ಟೇ. ಹೆಚ್ಚಿನ ದಿನ ಸಿಗುತ್ತಲೂ ಇತ್ತು. ‘ಗುಣ ಮಾಡು ಅಂತ ಕೇಳುವುದಿಲ್ಲವಾ?’ ಎಂದು ಒಮ್ಮೆ ಕೇಳಿಯೇಬಿಟ್ಟೆ. ‘ಎರಡು ವರ್ಷ ಕೇಳಿದೆ. ಮತ್ತೆ ಬಿಟ್ಟೆ. ಕೊಡದವರ ಹತ್ತಿರ ಅದನ್ನೇ ಎಷ್ಟು ಸಲ ಕೇಳುವುದು?’ ಅಂದರು. ಆ ಮಾತಿನಲ್ಲಿ ಸಿಟ್ಟಿತ್ತಾ? ಸ್ವಲ್ಪ ಇತ್ತು ಅಂತಲೇ ನನಗನಿಸಿತು.

ಎಡಗೈಯದ್ದು ಕೆಟ್ಟು ಬಲಗೈಯಲ್ಲಿ ಹೊಸ ಫಿಸ್ಟುಲಾ ಮಾಡಬೇಕಾದಾಗ ಅವರಿಗೆ ನೆನಪಾದದ್ದು ಸಂತ ಲಾರೆನ್ಸ್. ನಮ್ಮ ಅತ್ತೂರಿನ ಇಗರ್ಜಿ ಅವರದ್ದೇ. 2016ರಲ್ಲಿ ಅದಕ್ಕೆ ಪೋಪರಿಂದ ಬಸಿಲಿಕಾ ಎಂಬ ಗೌರವ ಸಿಕ್ಕಿತು. ಜನವರಿಯ ಹಬ್ಬಕ್ಕೆ ಎಲ್ಲ ಜಾತಿಯವರೂ ಹೋಗಿ ಮೊಂಬತ್ತಿ ಹಚ್ಚುತ್ತಾರೆ, ನಾವೂ ಹೋಗುತ್ತೇವೆ. ಲಾರೆನ್ಸರನ್ನು 258ರಲ್ಲಿ ರೋಮಿನಲ್ಲಿ ಕೊಂದರು. ಕಬ್ಬಿಣದ ಜಾಲರಿಯ ಮೇಲೆ ಸುಡುವಾಗ ‘ಈ ಮಗ್ಗುಲು ಬೆಂದಿತು, ಮಗುಚಿ ಹಾಕಿ’ ಎಂದರಂತೆ. ಬಾಯಮ್ಮ ಬಲಗೈ ಚಾಚಿ, ‘ಮಗುಚಿ ಹಾಕಿ ಡಾಕ್ಟ್ರೇ’ ಅಂದರು. ಪಾಪ, ಡಾಕ್ಟರಿಗೆ ಏನೂ ಅರ್ಥ ಆಗಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತು ನಾವಿಬ್ಬರೂ ನಕ್ಕದ್ದೇ ನಕ್ಕದ್ದು.

ಮಣ್ಣು ಮಾಡುವ ದಿನ ‘ಒಮ್ಮೆಯೂ ಗೊಣಗಲಿಲ್ಲ’ ಅಂತ ಎಲ್ಲರೂ ಹೇಳಿದರು. ಸುಳ್ಳು. ಚೆನ್ನಾಗಿಯೇ ಗೊಣಗುತ್ತಿದ್ದರು. ಗೊಣಗದೆ ಸುಮ್ಮನಾದದ್ದು ಒಮ್ಮೆ ಮಾತ್ರ. ಪಕ್ಕದ ಬೆಡ್ಡಿನಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದ ಹುಡುಗ, 22 ವರ್ಷ, ಒಂದು ಶನಿವಾರ ಬರಲಿಲ್ಲ. ಸೋಮವಾರ ವಿಷಯ ಗೊತ್ತಾಯಿತು. ಅವನಿಗಾಗಿ ಬಾಯಮ್ಮ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ಹಿಡಿದಿದ್ದರು.

ಅವರ ಮನೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಸಂಜೆ ಏಳೂವರೆಗೆ. ಮಣಿ ಎಣಿಸುತ್ತಾ 53 ಸಲ ‘ನಮಾನ್ ಮರಿಯೆ’ ಎಂಬ ಮರಿಯಮ್ಮನ ಪ್ರಾರ್ಥನೆ. ಸರಿಯಾಗಿ ಅಮ್ಮನ ಧಾರಾವಾಹಿಯ ಹೊತ್ತಿಗೇ. ಇಷ್ಟು ವರ್ಷ ಎರಡೂ ಒಟ್ಟಿಗೆ ಕೇಳಿ ನಮಗೆ ಅಭ್ಯಾಸ. ಆ ಸೋಮವಾರ ಆಚೆ ಮನೆಯಿಂದ ಏನೂ ಕೇಳಿಸಲಿಲ್ಲ. ಮರುದಿನವೂ ಇಲ್ಲ. ಎರಡು ವಾರ ಹಾಗೇ ಹೋಯಿತು. ಅಮ್ಮ ಬೇಲಿಯಾಚೆ ನೋಡುವುದು, ಒಳಗೆ ಬರುವುದು. ಕೇಳಲು ಬಾಯಿ ಬರಲಿಲ್ಲ.

ಮತ್ತೊಂದು ಸಂಜೆ ಧಾರಾವಾಹಿಯ ನಡುವೆ ಆ ಕೊಂಕಣಿ ಸ್ವರ ಕೇಳಿಸಿತು. ಮೊದಲಿಗಿಂತ ಸಣ್ಣದಾಗಿ, ಒಬ್ಬರದ್ದೇ. ಯಾಕೆ ನಿಲ್ಲಿಸಿದಿರಿ, ಯಾಕೆ ಶುರು ಮಾಡಿದಿರಿ ಅಂತ ನಾವು ಯಾವತ್ತೂ ಕೇಳಲಿಲ್ಲ. ಅಮ್ಮ ರಿಮೋಟ್ ಹುಡುಕಿ ಟೀವಿಯ ಸೌಂಡ್ ಕಡಿಮೆ ಮಾಡಿದರು.