ಎಮ್ಮೆ ಏರ್‌ವೇಸಿನ ಡಕೋಟಾ

19 ಅಕ್ಟೋಬರ್ 2024, ಶನಿವಾರ

ನಿನ್ನೆ ಆಫೀಸ್ ಕೆಲಸದ ಮೇಲೆ ಕೆನಡಾದ ಉತ್ತರದಲ್ಲಿರೋ ಯೆಲ್ಲೋನೈಫಿಂದ ಹೇ ರಿವರ್ ಅನ್ನೋ ಊರಿಗೆ ಡ್ರೈವ್ ಮಾಡ್ಕೊಂಡು ಬಂದೆ, ಹತ್ತಿರ ಹತ್ತಿರ 500 ಕಿ.ಮೀ. ಆಕಾಶದಲ್ಲಿ ಹಾರಿದ್ರೆ ಬರೀ 200, ಆದ್ರೆ ನಡುವೆ ಗ್ರೇಟ್ ಸ್ಲೇವ್ ಲೇಕ್ ಅನ್ನೋ ಸಮುದ್ರದಂಥ ಕೆರೆ ಇದೆಯಲ್ಲ, ರಸ್ತೆ ಅದನ್ನ ಸುತ್ತಿಕೊಂಡೇ ಬರಬೇಕು.

ಇವತ್ತು ಕೆಲಸ ಬೇಗ ಮುಗೀತು ಅಂತ ಏರ್‌ಪೋರ್ಟ್ ಕಡೆ ಹೋದೆ. ಪುಟಾಣಿ ಟರ್ಮಿನಲ್, ಮೆರ್ಲಿನ್ ಕಾರ್ಟರ್ ಅನ್ನೋ ಇಲ್ಲಿಯ ಪೈಲಟ್ ಹೆಸರಿಟ್ಟಿದ್ದಾರೆ, ಜೀವಮಾನ ಇಡೀ ಕಾಡು ಕೆರೆಗಳ ಮೇಲೆ ವಿಮಾನ ಹಾರಿಸಿದ ಮನುಷ್ಯ 2005ರಲ್ಲಿ ತೀರಿಕೊಂಡಿದ್ದು ಕರಡಿ ದಾಳಿಯಿಂದ.

ನಾನು ನೋಡ್ಬೇಕು ಅಂತ ಹೋಗಿದ್ದು ಬಫಲೋ ಏರ್‌ವೇಸ್ ಅನ್ನೋ ಇಲ್ಲಿಯ ಕಂಪನಿಯ ಹಸಿರು ಡಿಸಿ-3, ಹಳೇ ಕಾಲದ ಪ್ರೊಪೆಲ್ಲರ್ ವಿಮಾನ. ಅಮ್ಮನಿಗೆ ಫೋನಲ್ಲಿ ಹೆಸರು ಹೇಳಿದ್ರೆ "ಎಮ್ಮೆ ಏರ್‌ವೇಸಾ!" ಅಂತ ನಕ್ಕಿದ್ದೇ ನಕ್ಕಿದ್ದು. ಇಲ್ಲಿ ಬಫಲೋ ಅಂದ್ರೆ ಬೈಸನ್ ಅಮ್ಮಾ, ನಿನ್ನೆ ರೋಡಿಗೆ ಅಡ್ಡ ನಿಂತು ಹಾರ್ನಿಗೂ ಜಗ್ಗದೆ ನನ್ನನ್ನೇ ದುರುಗುಟ್ಟಿ ನೋಡಿದ್ವು ಅಂದೆ.

1970ರಲ್ಲಿ ಕಂಪನಿ ಶುರು ಮಾಡಿದ್ದು ಬಾಬ್ ಗಾಶಿ. ಅವರ ಕಥೆ ಕೇಳಿದ್ರೆ ಮೈ ಜುಮ್ ಅನ್ನುತ್ತೆ. 1967ರ ಚಳಿಗಾಲದಲ್ಲಿ ದಾರಿ ತಪ್ಪಿ ಹೆಪ್ಪುಗಟ್ಟಿದ ಕೆರೆ ಮೇಲೆ ಒಬ್ಬರೇ ಇಳಿದು, ವಿಮಾನದಲ್ಲಿದ್ದ ಹಸಿ ಮೀನು ತಿಂದ್ಕೊಂಡು 58 ದಿನ ಬದುಕಿದ್ರು ಮಾರಾಯ್ರೆ. ಅಷ್ಟಾದ ಮೇಲೂ ಏರ್‌ಲೈನ್ ಕಟ್ಟೋ ಆಸೆ! ಆಮೇಲೆ ಅದನ್ನ ಜೋ ಮೆಕ್‌ಬ್ರಯನ್‌ಗೆ ಮಾರಿದ್ರು, ಈ ಜೋ ಹಳೇ ಪ್ರೊಪೆಲ್ಲರ್ ವಿಮಾನ ಅಂದ್ರೆ ಪ್ರಾಣ ಬಿಡೋರು, ಹೇ ರಿವರ್–ಯೆಲ್ಲೋನೈಫ್ ಟ್ರಿಪ್ಪನ್ನ ಎಷ್ಟೋ ಸಲ ತಾವೇ ಹಾರಿಸ್ತಿದ್ರು.

ಆಗ ಈ ರಸ್ತೆಯಲ್ಲಿ ಸಿಗೋ ಮೆಕೆಂಜಿ ನದಿ ದಾಟೋಕೆ ಬೇಸಿಗೆಯಲ್ಲಿ ಫೆರ್ರಿ, ಚಳಿಗಾಲದಲ್ಲಿ ಐಸ್ ಮೇಲಿನ ರಸ್ತೆ. ನೀರು ಗಟ್ಟಿಯಾಗೋ ವಾರಗಳಲ್ಲಿ, ಆಮೇಲೆ ಐಸ್ ಒಡೆಯೋ ವಾರಗಳಲ್ಲಿ ಎರಡೂ ಇಲ್ಲ, ತರಕಾರಿ ಹಾಲು ಏನೇ ಬೇಕಾದ್ರೂ ಮೇಲಿಂದಲೇ ಬರಬೇಕು. 2012ರ ನವೆಂಬರಲ್ಲಿ ಆ ನದಿ ಮೇಲೆ ಡೆಹ್ ಚೋ ಸೇತುವೆ ಓಪನ್ ಆಯ್ತು. ಮರುವರ್ಷ ಆಗಸ್ಟಲ್ಲಿ ಇವರ ಡಿಸಿ-3 ಒಂದಕ್ಕೆ ಯೆಲ್ಲೋನೈಫಿಂದ ಮೇಲೇಳ್ತಿದ್ದಂಗೆ ಎಂಜಿನ್ನಲ್ಲಿ ಬೆಂಕಿ, ರನ್‌ವೇ ಸಿಗದೆ ಹೊಟ್ಟೆ ಮೇಲೆ ಇಳೀತು, 24 ಜನರೂ ಉಳಿದ್ರು. ತನಿಖೆಯಲ್ಲಿ ತೂಕ ಜಾಸ್ತಿಯಿತ್ತು ಅಂತ ಬಂತು. 2015ರಲ್ಲಿ ಪ್ಯಾಸೆಂಜರ್ ಸರ್ವಿಸ್ಸೇ ನಿಂತೋಯ್ತು, ಕಾರ್ಗೋ ಮುಂದುವರೀತು. ಸೇತುವೆ ಇಲ್ದಿದ್ರೆ ಹೇಗೋ ತಳ್ಳಿಕೊಂಡು ಹೋಗ್ತಿತ್ತೇನೋ ಅಂತ ನನಗನ್ಸುತ್ತೆ, ಆ ಸೇತುವೆ ಮೇಲೇ ಹಾಯಾಗಿ ಕಾರ್ ಓಡಿಸ್ಕೊಂಡು ಬಂದು ಹೀಗನ್ನೋಕೆ ಸ್ವಲ್ಪ ನಾಚಿಕೆನೂ ಆಯ್ತು.

ನಮ್ಮಲ್ಲಿ ಹಳೇ ಗಾಡಿಗೆ ಡಕೋಟಾ ಅಂತ ಬೈತೀವಲ್ಲ, ಆ ಡಕೋಟಾ ಇದೇ. 1951ರಲ್ಲಿ ನಮ್ಮ ಬಜ್ಪೆ ಏರ್‌ಪೋರ್ಟ್ ಉದ್ಘಾಟನೆಗೆ ನೆಹರೂ ಬಂದಿಳಿದದ್ದೂ ಇದೇ ಮಾಡೆಲ್ಲಲ್ಲಿ. ಬೇಲಿ ಸಂದಿಯಿಂದ ಒಂದು ಫೋಟೋ ತೆಗೆದು ಇದನ್ನೆಲ್ಲ ಬರೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ, ಮಂಗಳೂರಲ್ಲಿ ಆಗ್ಲೇ ನಡುರಾತ್ರಿ, ಆದ್ರೂ ತಕ್ಷಣ ರಿಪ್ಲೈ ಬಂತು: "ಟೈರಲ್ಲಿ ಗಾಳಿ ಉಂಟಾ ನೋಡು ಮೊದ್ಲು."