ಹಪ್ಪಳದ ಎಣ್ಣೆ, ಪಂಪ್‌ಸೆಟ್ ಕನಸು

ಹಲಸಿನ ಹಪ್ಪಳ ಕರಿದು ಉಳಿದ ಪಾಮ್ ಎಣ್ಣೆ, ಕೂಡಿಟ್ಟಿದ್ದು ಐದು ಲೀಟರ್ ಆಗಿತ್ತು. ತೋಟದ ಹಳೇ ಡೀಸೆಲ್ ಪಂಪ್‌ಸೆಟ್‌ಗೆ ಸ್ವಲ್ಪ ಬೆರೆಸಿ ನೋಡೋಣ ಅಂತ ಇವತ್ತು ಸೋಸಲು ಕೂತೆ.

ಅಪ್ಪನ ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಡಬ್ಬದ ಬಾಯಿಗೆ ಕಟ್ಟಿ ಸುರಿದರೆ, ತೀರ್ಥಹಳ್ಳಿಯ ಈ ಚಳಿಗೆ ಎಣ್ಣೆ ತುಪ್ಪದ ಹಾಗೆ ಗಟ್ಟಿ, ಒಂದು ಹನಿ ಇಳಿಯಲ್ಲ! ಒಲೆ ಮೇಲಿಟ್ಟೆ. ಬಿಸಿಯಾದ ಹಾಗೆ ತಳದಲ್ಲಿ ಚಟಪಟ. ಅದು ನೀರು. ಆ ಸದ್ದು ಪೂರ್ತಿ ನಿಲ್ಲಬೇಕು, ಇಲ್ಲಾಂದ್ರೆ ಇಂಜಿನ್ನಿಗೇ ಕೇಡು.

ಇಷ್ಟು ವರ್ಷ ಇದನ್ನ ಸುಮ್ನೆ ಬಚ್ಚಲಿಗೆ ಚೆಲ್ಲಿ, ಆಮೇಲೆ ಪೈಪ್ ಕಟ್ಟಿಕೊಂಡಿತು ಅಂತ ಬೈಯುತ್ತಿದ್ದೆವಲ್ಲ.

"ಮತ್ತೆ ಹಪ್ಪಳ ಕರೀತೀಯೇನೋ?" ಅಮ್ಮ ಇಣುಕಿದರು.

1900ರಲ್ಲೇ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತಮ್ಮಾ ಅಂದೆ.

"ಓಡಲಿ ಬಿಡು, ಆ ಪಂಚೆ ಮಾತ್ರ ನೀನೇ ಒಗಿ."