ಹೃದಯ ಎಡಕ್ಕಿದೆ ಅಂತ ನನಗೂ ಗೊತ್ತು ಚಿಕ್ಕಪ್ಪ

"ಇಲಿ ಇಲ್ಲ, ಮೈಕ್ರೋಸ್ಕೋಪ್ ಇಲ್ಲ, ಕಂಪ್ಯೂಟರ್ ಮುಂದೆ ಕೂತು ಅದೆಂಥ ಬಯಾಲಜಿ?"

ಭ್ರೂಣದಲ್ಲಿ ಎಡ-ಬಲ ಹೇಗೆ ಬೇರೆಯಾಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ ಎಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಇಷ್ಟು ವರ್ಷ ನಗುತ್ತಲೇ ಉತ್ತರ ಹೇಳಿದೆ. ಇನ್ನು ಸಾಕು, ಬರೆದೇ ಬಿಡುತ್ತೇನೆ.

ತಂಗಿಯ ಮದುವೆ ಊಟದಲ್ಲಿ ಪಕ್ಕದೆಲೆಯ ಚಿಕ್ಕಪ್ಪ ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಹೃದಯ ಎಡಕ್ಕಿದೆ ಅಂತ ನಂಗೂ ಗೊತ್ತು ಕಣೋ. ಅದನ್ನ ಹೇಳೋಕೆ ಸಂಬಳ ಕೊಡ್ತಾರಾ?" ಇಡೀ ಪಂಕ್ತಿ ನಕ್ಕಿತು. ನನಗೆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಎಡಕ್ಕಿದೆ, ಸರಿ. ಯಾಕಿದೆ? ಸುಮಾರು 10,000ಕ್ಕೆ ಒಬ್ಬರಲ್ಲಿ ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತವೆ. ಮಿಕ್ಕವರಲ್ಲಿ ಯಾಕೆ ಹಾಗಾಗಲಿಲ್ಲ? ಇಲಿಯ ಭ್ರೂಣಕ್ಕೆ 8 ದಿನ ತುಂಬುವ ಹೊತ್ತಿಗೆ ಅದರಲ್ಲೊಂದು ಪುಟ್ಟ ಗುಳಿ ಇರುತ್ತದೆ. ಅದರ ತಳದಲ್ಲಿ ನೂರಾರು ಸೂಕ್ಷ್ಮ ಕೂದಲು, ಅಂದರೆ ಸಿಲಿಯಾ, ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತಿರುತ್ತವೆ. ಗುಳಿಯ ದ್ರವ ಎಡಕ್ಕೆ ಹರಿಯುತ್ತದೆಂದು 1998ರಲ್ಲಿ ಜಪಾನಿನ ಹಿರೊಕಾವಾ ತಂಡ ತೋರಿಸಿತು. 2002ರಲ್ಲಿ ಆ ಹರಿವನ್ನು ಹೊರಗಿನಿಂದ ಬಲಕ್ಕೆ ತಿರುಗಿಸಿ ನೋಡಿದಾಗ ಭ್ರೂಣದ ಎಡ-ಬಲವೇ ತಿರುಗುಮುರುಗಾಯಿತು.

ಆದರೆ ನೆಟ್ಟಗೆ ನಿಂತು ಗಿರಗಿರ ತಿರುಗುವ ಕೂದಲು ಸುಳಿ ಎಬ್ಬಿಸೀತು, ದ್ರವವನ್ನು ಒಂದೇ ಕಡೆಗೆ ಹರಿಸೀತೇ? 2004ರಲ್ಲಿ ಕಾರ್ಟ್‌ರೈಟ್, ಪೀರೋ, ಟುವಾಲ್ ಎಂಬ ಮೂವರು ದ್ರವಚಲನೆಯ ಸಮೀಕರಣಗಳಿಂದಲೇ ಹೇಳಿದರು: ಕೂದಲು ಬಾಲದ ಕಡೆಗೆ ವಾಲಿರಬೇಕು. ಅಷ್ಟು ಪುಟ್ಟ ಕೂದಲಿಗೆ ನೀರೂ ಹರಳೆಣ್ಣೆಯ ಹಾಗೆ. ವಾಲಿದ ಕೂದಲು ಅರ್ಧ ಸುತ್ತು ತಳಕ್ಕೆ ಒರಗಿ ಸಾಗುತ್ತದೆ, ಅಲ್ಲಿ ದ್ರವ ತಳಕ್ಕೆ ಅಂಟಿಕೊಂಡು ಹೆಚ್ಚು ಕದಲುವುದಿಲ್ಲ. ಇನ್ನರ್ಧ ಸುತ್ತು ಮೇಲೆದ್ದು ಬೀಸಿ ದ್ರವವನ್ನು ಎಡಕ್ಕೆ ತಳ್ಳುತ್ತದೆ. ಮರುವರ್ಷ ಇಲಿಯಲ್ಲಿ ನೋಡಿದರು. ವಾಲಿತ್ತು! ಕಂಪ್ಯೂಟರಿನ ಬಯಾಲಜಿ ಇಂಥದ್ದು.

ಯಾರಾದರೂ ಕೇಳಲಿ ಎಂದು ನಾನು ಕಾದಿರುವುದು ಬೇರೆಯೇ ಪ್ರಶ್ನೆಗೆ. ಬಾಳೆಎಲೆಯ ತುದಿ ಎಡಕ್ಕಿರಲಿ ಎಂದು ಬಡಿಸುವವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ಭ್ರೂಣಕ್ಕೆ ಎಡ ಯಾವುದೆಂದು ಹೇಳಿಕೊಟ್ಟವರು ಯಾರು? ಎರಡೂ ಪಕ್ಕ ಸಮವಾಗಿರುವ ಮಾದರಿ ಕೊಟ್ಟರೆ ಕಂಪ್ಯೂಟರ್ ಸಮವಾದ ಉತ್ತರವನ್ನೇ ಕೊಡುತ್ತದೆ. ಚೂರು ಏರುಪೇರು ಬೆರೆಸಿದರೆ ನಾಣ್ಯ ಚಿಮ್ಮಿದಂತೆ ಒಮ್ಮೆ ಎಡ, ಒಮ್ಮೆ ಬಲ. ಸಿಲಿಯಾ ಇಲ್ಲದ ಇಲಿಗಳ ಹೃದಯವೂ ಹಾಗೇ, ಯಾವ ಪಕ್ಕಕ್ಕಾದರೂ ಬಾಗೀತು. ಪ್ರತಿ ಸಲ ಎಡವೇ ಬಂದರೆ, ಆ ಎಡವನ್ನು ನಾನೇ ಎಲ್ಲೋ ಒಳಗೆ ಇಟ್ಟಿದ್ದೇನೆ. ಹುಡುಕಿದರೆ ಸಿಗುತ್ತದೆ: ಕೂದಲೆಲ್ಲ ಗಡಿಯಾರದ ಮುಳ್ಳಿನಂತೆ ತಿರುಗಲಿ ಎಂದು ಬರೆದ ಆ ಒಂದು ಸಾಲು. ಅದರ ಹಿಂದೆ ಹೋದರೆ ಕೂದಲೊಳಗೆ ಒಂದೇ ಸುತ್ತಿಗೆ ಮುಖಮಾಡಿದ, ಕೂದಲನ್ನು ತಿರುಗಿಸುವ ಡೈನೀನ್ ಎಂಬ ಪ್ರೋಟೀನಿನ ತೋಳುಗಳು. ಇನ್ನೂ ಹಿಂದೆ, ಆ ಪ್ರೋಟೀನನ್ನು ಕಟ್ಟಿದ ಅಮೈನೋ ಆಮ್ಲಗಳು: ಎಡಗೈ-ಬಲಗೈಯಂತೆ ಕನ್ನಡಿ ಜೋಡಿಯಾಗಿರಬಲ್ಲ ಅವುಗಳಲ್ಲಿ ಎಡಗೈ ಜಾತಿಯವು.

ಕೋಳಿಯ ಭ್ರೂಣದಲ್ಲಿ ಈ ಹರಿವೇ ಇಲ್ಲ. ಆದರೂ ಅದರ ಹೃದಯ ಪಕ್ಕ ತಪ್ಪುವುದಿಲ್ಲ. ನಾನೀಗ ಕೂತಿರುವುದು ಆ ಲೆಕ್ಕದ ಮುಂದೆ, ಚಿಕ್ಕಪ್ಪ.